ಸುತ್ತಲೂ ಕ್ಯಾಮೆರಾ ಇರುವ ಟ್ಯಾಂಕಿನೊಳಗೆ ಕೂತವರಿಗೆ ಎಲ್ಲವೂ ಕಾಣುತ್ತದೆಯೇ?

ಹೊಸ ಯುದ್ಧ ಟ್ಯಾಂಕ್ ಒಂದರ ವಿಡಿಯೊ. ಹಿನ್ನೆಲೆಯಲ್ಲಿ ಜೋರು ಸಂಗೀತ. ಸುತ್ತಲೂ ಕ್ಯಾಮೆರಾ, ಕತ್ತಲಲ್ಲೂ ಕಾಣುವ ಕಣ್ಣು, ಒಳಗೆ ಸಾಲು ಸಾಲು ಪರದೆಗಳು. ಇದರ ಕಣ್ಣು ತಪ್ಪಿಸಿ ಒಂದು ಇಲಿಯೂ ಓಡಾಡಲಾರದು ಎಂಬ ಅರ್ಥದ ಬರಹ, ಕೊನೆಗೆ ಎಲ್ಲರಿಗೂ ಶೇರ್ ಮಾಡಿ ಎಂಬ ಕೋರಿಕೆ. ಇಂಥದ್ದು ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರುತ್ತದೆ. ಇನ್ನೊಂದು ಬಗೆಯದೂ ಬರುತ್ತದೆ: ಯಾವುದೋ ದೇಶದ ಸೇನಾ ವಾಹನ ಮಗುಚಿಬಿದ್ದ ವಿಡಿಯೊ, ಅದರ ಕೆಳಗೆ ‘ಡ್ರೈವರ್‌ಗೆ ಕಣ್ಣು ಕಾಣಿಸ್ತಿರಲಿಲ್ವಾ?’ ಅನ್ನುವ ಥರದ ಕಾಮೆಂಟುಗಳು.

ಒಂದು ಹೊಗಳಿಕೆ, ಇನ್ನೊಂದು ಬೈಗುಳ. ಆದರೆ ಎರಡರ ಹಿಂದೆಯೂ ಇರುವುದು ಒಂದೇ ನಂಬಿಕೆ. ಕಣ್ಣಿಗೆ ಬಿದ್ದದ್ದೆಲ್ಲ ತಲೆಗೂ ಹೋಗುತ್ತದೆ ಎಂಬ ನಂಬಿಕೆ. ಅದು ನಿಜವಲ್ಲ. ಸೈನ್ಯಗಳು ಇದನ್ನು ಬಹಳ ದುಬಾರಿ ಬೆಲೆ ಕೊಟ್ಟು ಕಲಿತಿವೆ. ಇನ್ನೂ ವಿಚಿತ್ರವೆಂದರೆ, ಸುತ್ತಲಿನ ಪರಿಸ್ಥಿತಿ ಕೈತಪ್ಪಿ ಹೋಗಿದೆ ಅನ್ನುವುದು ಎಷ್ಟೋ ಸಲ ತಪ್ಪಿಸಿಕೊಂಡವನಿಗೇ ಗೊತ್ತಾಗುವುದಿಲ್ಲ. ಅದು ಹೇಗೆ ಅನ್ನುವುದನ್ನು ಈ ಲೇಖನದಲ್ಲಿ ನೋಡೋಣ.

ಉಕ್ಕಿನ ಡಬ್ಬಿಯ ಒಳಗಿನಿಂದ

ಮೊದಲು ಟ್ಯಾಂಕಿನ ಒಳಗೆ ಹೋಗಿ ಕೂರೋಣ. ಅಮೆರಿಕದ ಅಬ್ರಾಮ್ಸ್ ಟ್ಯಾಂಕಿನಲ್ಲಿ ಡ್ರೈವರ್ ಮುಂಭಾಗದಲ್ಲಿ, ತಗ್ಗಿನಲ್ಲಿ, ಹೆಚ್ಚುಕಡಿಮೆ ಮಲಗಿದ ಹಾಗೆ ಒರಗಿ ಕೂರುತ್ತಾನೆ. ತಲೆಯ ಮೇಲಿನ ಮುಚ್ಚಳ ಹಾಕಿದ ಮೇಲೆ ಅವನಿಗೆ ಹೊರಲೋಕ ಕಾಣುವುದು ಮೂರು ಪೆರಿಸ್ಕೋಪುಗಳ ಸಣ್ಣ ಗಾಜುಗಳ ಮೂಲಕ. ಹಿಂದೆ ಏನಿದೆ, ಪಕ್ಕದಲ್ಲಿ ತೀರಾ ಹತ್ತಿರ ಯಾರು ನಿಂತಿದ್ದಾರೆ ಅನ್ನುವುದು ಅವನಿಗೆ ಕಾಣದು. ನಮ್ಮಲ್ಲಿ ಲಾರಿ ಡ್ರೈವರುಗಳು ರಿವರ್ಸ್ ತೆಗೆಯುವಾಗ ಕ್ಲೀನರ್ ಕೆಳಗಿಳಿದು ‘ಬರ್ಲಿ, ಬರ್ಲಿ’ ಅನ್ನುತ್ತಾನಲ್ಲ, ಹಾಗೆಯೇ ಟ್ಯಾಂಕುಗಳನ್ನು ಶಿಬಿರದೊಳಗೆ ಸರಿಸುವಾಗಲೂ ಮುಂದೆ ಒಬ್ಬ ಸೈನಿಕ ನಡೆದು ಕೈಸನ್ನೆ ಮಾಡುತ್ತಾನೆ. ಕೋಟಿಗಟ್ಟಲೆ ಬೆಲೆಯ ಯಂತ್ರಕ್ಕೂ ಒಬ್ಬ ಕ್ಲೀನರ್ ಬೇಕು!

ಇದರ ಜೊತೆಗೆ ಎಂಜಿನ್ ಸದ್ದು, ಕಿವಿಗೆ ಕಟ್ಟಿಕೊಂಡ ಇಂಟರ್‌ಕಾಮಿನಲ್ಲಿ ಒಂದರ ಮೇಲೊಂದು ಮಾತು, ಧೂಳು, ಕುಲುಕಾಟ, ಸೆಖೆ. ಥಾರ್ ಮರುಭೂಮಿಯ ಬೇಸಿಗೆಯಲ್ಲಿ ಹೊರಗೇ 45 ಡಿಗ್ರಿ ದಾಟುತ್ತದೆ. ಬಿಸಿಲಿಗೆ ಕಾದ ಉಕ್ಕಿನ ಒಳಗೆ ಹೇಗಿರುತ್ತದೆ ಅನ್ನುವುದನ್ನು ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಬಾಗಿಲು ತೆಗೆದವರು ಊಹಿಸಬಲ್ಲರು. ಮೈಯಿಂದ ನೀರು ಇಳಿದುಹೋದಂತೆ ಮೆದುಳಿನ ಎಚ್ಚರವೂ ಇಳಿಯುತ್ತದೆ.

ಹೊರಗಿನದು ಸರಿಯಾಗಿ ಕಾಣಲಿ ಎಂದು ಟ್ಯಾಂಕ್ ಕಮಾಂಡರುಗಳು ತಲೆಯನ್ನು ಮುಚ್ಚಳದಿಂದ ಹೊರಗೆ ಹಾಕಿ ನಿಲ್ಲುವ ರೂಢಿ ಬಹಳ ಹಳೆಯದು. 1973ರ ಅರಬ್–ಇಸ್ರೇಲ್ ಯುದ್ಧದಲ್ಲಿ ಇಸ್ರೇಲಿನ ಟ್ಯಾಂಕ್ ಕಮಾಂಡರುಗಳು ಹೆಚ್ಚಿನ ಸಂಖ್ಯೆಯಲ್ಲಿ ಸತ್ತದ್ದಕ್ಕೆ ಇದೂ ಒಂದು ಕಾರಣ. ಜೀವಕ್ಕೆ ಅಪಾಯ ಎಂದು ಗೊತ್ತಿದ್ದೂ ಅವರು ತಲೆ ಹೊರಗೆ ಹಾಕುತ್ತಿದ್ದರು. ಒಳಗಿನಿಂದ ಕಾಣುವುದು ಅಷ್ಟು ಕಡಿಮೆ.

ಈಗ ಕ್ಯಾಮೆರಾಗಳಿವೆಯಲ್ಲ, ಸಮಸ್ಯೆ ಮುಗಿಯಿತಲ್ಲ ಅನ್ನಬಹುದು. ಕಾಣದಿರುವ ಸಮಸ್ಯೆ ಸ್ವಲ್ಪ ಮಟ್ಟಿಗೆ ಮುಗಿಯಿತು, ನಿಜ. ಆದರೆ ಕಾಣುವುದು ಮೊದಲ ಮೆಟ್ಟಿಲು ಮಾತ್ರ.

ಚೆಂಡು ಉರುಳಿ ಬಂದರೆ

ನೀವು ಬೈಕಿನಲ್ಲಿ ಒಂದು ಬಡಾವಣೆಯ ರಸ್ತೆಯಲ್ಲಿ ಹೋಗುತ್ತಿದ್ದೀರಿ. ಪಕ್ಕದ ಗೇಟಿನಿಂದ ಒಂದು ಚೆಂಡು ಉರುಳಿ ರಸ್ತೆಗೆ ಬಂತು. ನಿಮ್ಮ ಕೈ ತಾನಾಗಿಯೇ ಬ್ರೇಕಿನ ಮೇಲೆ ಹೋಗುತ್ತದೆ. ಯಾಕೆ? ಚೆಂಡಿಗೆ ಹೆದರಿ ಅಲ್ಲ. ಚೆಂಡಿನ ಹಿಂದೆ ಮಗು ಓಡಿಬರುತ್ತದೆ ಎಂದು.

ಇಷ್ಟರಲ್ಲಿ ಮೂರು ಕೆಲಸ ಆಗಿವೆ. ಚೆಂಡು ಕಂಡಿತು. ಅಲ್ಲಿ ಮಕ್ಕಳು ಆಡುತ್ತಿದ್ದಾರೆ ಎಂಬುದು ಅರ್ಥವಾಯಿತು. ಇನ್ನೆರಡು ಕ್ಷಣದಲ್ಲಿ ಏನಾಗಬಹುದು ಎಂಬ ಊಹೆ ಬಂತು. ಅಮೆರಿಕದ ಸಂಶೋಧಕಿ ಮೀಕಾ ಎಂಡ್ಸ್‌ಲಿ 1995ರಲ್ಲಿ ಈ ಮೂರು ಮೆಟ್ಟಿಲುಗಳನ್ನೇ ಇಟ್ಟುಕೊಂಡು ಪರಿಸ್ಥಿತಿಯ ಅರಿವು ಅಂದರೇನು ಎಂದು ವಿವರಿಸಿದರು. ಪೈಲಟ್‌ಗಳು ಮತ್ತು ಸೈನಿಕರು ಸಿಚುಯೇಷನಲ್ ಅವೇರ್‌ನೆಸ್ ಅನ್ನುವುದು ಇದಕ್ಕೇ. ಗಮನಿಸುವುದು, ಅರ್ಥ ಮಾಡಿಕೊಳ್ಳುವುದು, ಮುಂದೇನು ಎಂದು ಊಹಿಸುವುದು. ಇವುಗಳಲ್ಲಿ ಯಾವ ಮೆಟ್ಟಿಲು ಮುರಿದರೂ ಮನುಷ್ಯ ಬೀಳುತ್ತಾನೆ. ಕ್ಯಾಮೆರಾ ಸಹಾಯ ಮಾಡುವುದು ಮುಖ್ಯವಾಗಿ ಮೊದಲನೆಯದಕ್ಕೆ, ಅದೂ ಅರ್ಧಂಬರ್ಧ.

ಅರ್ಧಂಬರ್ಧ ಯಾಕೆಂದರೆ, ಕಣ್ಣೆದುರಿಗೇ ಇದ್ದದ್ದು ಕಾಣದೆ ಹೋಗುವುದು ಉಂಟು. 1999ರಲ್ಲಿ ಪ್ರಕಟವಾದ ಸೈಮನ್ಸ್ ಮತ್ತು ಷಬ್ರಿ ಅವರ ಪ್ರಯೋಗವನ್ನು ನೀವೂ ಫೋನಿನಲ್ಲಿ ನೋಡಿರಬಹುದು. ಚೆಂಡು ಎಸೆದಾಡುವವರು ಎಷ್ಟು ಸಲ ಎಸೆದರು ಎಂದು ಎಣಿಸಲು ಹೇಳುತ್ತಾರೆ. ನಡುವೆ ಗೊರಿಲ್ಲಾ ವೇಷದವರು ಬಂದು, ಎದೆ ಬಡಿದುಕೊಂಡು ಹೋಗುತ್ತಾರೆ. ಎಣಿಸುವುದರಲ್ಲಿ ಮುಳುಗಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅದು ಕಾಣಲೇ ಇಲ್ಲ. ತರಬೇತಿ ಇದ್ದವರಿಗೆ ಹೀಗಾಗದು ಅನ್ನುತ್ತೀರಾ? 2013ರಲ್ಲಿ ಅನುಭವಿ ರೇಡಿಯಾಲಜಿಸ್ಟ್‌ಗಳಿಗೆ ಶ್ವಾಸಕೋಶದ ಸ್ಕ್ಯಾನ್ ಕೊಟ್ಟು ಗಂಟು ಹುಡುಕಲು ಹೇಳಿದರು. ಸ್ಕ್ಯಾನಿನೊಳಗೆ ಗೊರಿಲ್ಲಾ ಚಿತ್ರ ಸೇರಿಸಿಟ್ಟಿದ್ದರು. 24 ವೈದ್ಯರಲ್ಲಿ 20 ಮಂದಿಗೆ ಗೊರಿಲ್ಲಾ ಕಾಣಲಿಲ್ಲ. ಇವರು ಕೆಟ್ಟ ವೈದ್ಯರಲ್ಲ. ಗಮನವೆಲ್ಲ ಗಂಟಿನ ಮೇಲಿದ್ದಾಗ ಬೇರೆಯದಕ್ಕೆ ಉಳಿಯುವುದು ಸ್ವಲ್ಪವೇ.

ಕಿತ್ತಳೆ ಬಣ್ಣ ಕಂಡಿತ್ತು

ಈಗ ಎರಡನೇ ಮೆಟ್ಟಿಲು ಮುರಿದ ಒಂದು ಘಟನೆ. 2003ರ ಮಾರ್ಚ್ 28, ದಕ್ಷಿಣ ಇರಾಕ್. ಬ್ರಿಟಿಷ್ ಸೇನೆಯ ಹಗುರ ಕವಚದ ವಾಹನಗಳು ಸಾಲಾಗಿ ಹೋಗುತ್ತಿದ್ದವು. ಮೇಲಿನಿಂದ ನೋಡಿದವರಿಗೆ ಮಿತ್ರಪಡೆ ಎಂದು ಗೊತ್ತಾಗಲಿ ಎಂದೇ ಅವುಗಳ ಮೇಲೆ ಕಿತ್ತಳೆ ಬಣ್ಣದ ಪಟ್ಟಿಗಳನ್ನು ಹಾಸಿದ್ದರು. ಮೇಲೆ ಎರಡು ಅಮೆರಿಕನ್ ಎ-10 ಯುದ್ಧವಿಮಾನಗಳಿದ್ದವು. ಆ ಭಾಗದಲ್ಲಿ ನಮ್ಮವರು ಯಾರೂ ಇಲ್ಲ ಎಂದು ಪೈಲಟ್‌ಗಳಿಗೆ ರೇಡಿಯೊದಲ್ಲಿ ಹೇಳಲಾಗಿತ್ತು.

ಪೈಲಟ್‌ಗಳಿಗೆ ಕಿತ್ತಳೆ ಬಣ್ಣ ಕಂಡಿತು. ಅದೇನಿರಬಹುದು ಎಂದು ಅವರು ತಮ್ಮೊಳಗೆ ಮಾತಾಡಿಕೊಂಡರು ಕೂಡ. ನಮ್ಮವರು ಯಾರೂ ಇಲ್ಲ ಎಂಬುದು ತಲೆಯಲ್ಲಿ ಗಟ್ಟಿಯಾಗಿ ಕೂತಿದ್ದರಿಂದ ಆ ಕಿತ್ತಳೆ ಪಟ್ಟಿಗಳು ಅವರಿಗೆ ರಾಕೆಟ್‌ಗಳಾದವು. ಗುಂಡು ಹಾರಿತು. ಒಬ್ಬ ಬ್ರಿಟಿಷ್ ಸೈನಿಕ ಸತ್ತ, ಇನ್ನೂ ಕೆಲವರು ಗಾಯಗೊಂಡರು. ನಾಲ್ಕು ವರ್ಷಗಳ ನಂತರ ಆ ವಿಮಾನದೊಳಗಿನ ಧ್ವನಿಮುದ್ರಿಕೆ ಬಹಿರಂಗವಾಯಿತು. ತಮ್ಮಿಂದ ಏನಾಯಿತು ಎಂಬುದು ತಿಳಿದಾಗಿನ ಆ ಪೈಲಟ್‌ಗಳ ದನಿ ಅದರಲ್ಲಿದೆ.

ಕಣ್ಣು ಸರಿಯಾಗಿಯೇ ಕೆಲಸ ಮಾಡಿತ್ತು ಅನ್ನುವುದನ್ನು ಗಮನಿಸಿ. ನಾವು ಮೊದಲೇ ಒಂದು ಕಥೆಯನ್ನು ನಂಬಿದ್ದರೆ, ಕಂಡದ್ದನ್ನು ಆ ಕಥೆಗೆ ಹೊಂದಿಸಿಕೊಳ್ಳುತ್ತೇವೆ. ಮನೆಯಲ್ಲಿ ಹಾವಿದೆ ಎಂದು ಯಾರಾದರೂ ಹೇಳಿದ ರಾತ್ರಿ ಪ್ರತಿ ಹಗ್ಗವೂ ಹಾವೇ.

ಇದೇ ಯುದ್ಧದಲ್ಲಿ, ಇದಕ್ಕೆ ಮೂರು ದಿನ ಮೊದಲು, ಬಸ್ರಾ ಹತ್ತಿರ ಕತ್ತಲಲ್ಲಿ ಒಂದು ಬ್ರಿಟಿಷ್ ಚಾಲೆಂಜರ್ ಟ್ಯಾಂಕ್ ಇನ್ನೊಂದು ಬ್ರಿಟಿಷ್ ಚಾಲೆಂಜರ್ ಟ್ಯಾಂಕಿನ ಮೇಲೆಯೇ ಗುಂಡು ಹಾರಿಸಿತು. ಇಬ್ಬರು ಸತ್ತರು. ಅಲ್ಲಿ ಕಂಡದ್ದು ಥರ್ಮಲ್ ಸೈಟಿನಲ್ಲಿ, ಅಂದರೆ ಬಿಸಿಯನ್ನು ಚಿತ್ರವಾಗಿ ತೋರಿಸುವ ಉಪಕರಣದಲ್ಲಿ, ಕೆಲವು ಬಿಸಿ ಚುಕ್ಕೆಗಳು. ಮೈಯ ಬಿಸಿಗೆ ದೇಶ ಇರುವುದಿಲ್ಲ.

ಥರ್ಮಲ್ ಸೈಟಿನ ಈ ತೊಂದರೆ 1991ರ ಕೊಲ್ಲಿ ಯುದ್ಧದಲ್ಲೇ ಗೊತ್ತಾಗಿತ್ತು. ಎದುರಿಗೆ ಏನೋ ಇದೆ ಎಂಬುದು ಬಹಳ ದೂರದಿಂದಲೇ ಕಾಣುತ್ತದೆ, ಫಿರಂಗಿಯೂ ಅಷ್ಟು ದೂರ ಮುಟ್ಟುತ್ತದೆ. ಆದರೆ ಅದು ಯಾರ ವಾಹನ ಎಂದು ಗುರುತು ಹಿಡಿಯಲು ಇನ್ನೂ ಹತ್ತಿರ ಹೋಗಬೇಕು. ಅಷ್ಟು ಹತ್ತಿರ ಹೋಗುವ ಹೊತ್ತಿಗೆ ಶತ್ರು ನಮ್ಮನ್ನು ಹೊಡೆದರೆ? ಆ ಯುದ್ಧದಲ್ಲಿ ಅಮೆರಿಕದ 148 ಸೈನಿಕರು ಹೋರಾಟದಲ್ಲಿ ಸತ್ತರು. ಅವರಲ್ಲಿ 35 ಮಂದಿ ಸತ್ತದ್ದು ತಮ್ಮವರದೇ ಗುಂಡಿಗೆ. ಪೂರ್ತಿ ನಾಶವಾದ 9 ಅಬ್ರಾಮ್ಸ್ ಟ್ಯಾಂಕುಗಳಲ್ಲಿ 7 ನಾಶವಾದದ್ದು ಸ್ವಂತ ಪಡೆಯ ಹೊಡೆತಕ್ಕೆ. ಉಳಿದೆರಡನ್ನು ಶತ್ರುವಿನ ಕೈಗೆ ಸಿಗಬಾರದೆಂದು ಅವರೇ ನಾಶಮಾಡಿದ್ದರು.

ಪರದೆಗಳು ಹೆಚ್ಚಾದರೆ?

ಆ ಯುದ್ಧದ ನಂತರ ಬಂದ ಮುಖ್ಯ ಉಪಾಯವೆಂದರೆ ಪ್ರತಿ ವಾಹನದೊಳಗೂ ಒಂದು ನಕ್ಷೆಯ ಪರದೆ. ನಮ್ಮವರೆಲ್ಲ ಅದರಲ್ಲಿ ನೀಲಿ ಗುರುತಾಗಿ ಕಾಣುತ್ತಾರೆ. ಓಲಾ ಆಟೊ ಎಲ್ಲಿದೆ ಎಂದು ಫೋನಿನಲ್ಲಿ ನೋಡುತ್ತೀರಲ್ಲ, ಹೆಚ್ಚುಕಡಿಮೆ ಹಾಗೆ. ಇದರಿಂದ ನಿಜಕ್ಕೂ ಉಪಯೋಗವಾಗಿದೆ. ಆದರೆ ಆಟೊ ಪಕ್ಕದ ಬೀದಿಯಲ್ಲಿದೆ ಎಂದು ಫೋನ್ ತೋರಿಸುತ್ತಿರುವಾಗ ಅದು ನಿಮ್ಮ ಬೆನ್ನ ಹಿಂದೆ ನಿಂತು ಹಾರ್ನ್ ಹೊಡೆದ ಅನುಭವವೂ ನಿಮಗಿರಬಹುದು. ಪರದೆಯ ಮೇಲಿನ ಗುರುತು ಸ್ವಲ್ಪ ಹಳೆಯದಾಗಿರುತ್ತದೆ. ಎಲ್ಲ ವಾಹನಕ್ಕೂ ಆ ಉಪಕರಣ ಇರುವುದಿಲ್ಲ. ಗುರುತು ಇಲ್ಲದ ಕಡೆ ನಮ್ಮವರೇ ಇಲ್ಲ ಎಂದು ಓದಿಕೊಂಡರೆ ಕಥೆ ಮತ್ತೆ ಕಿತ್ತಳೆ ಪಟ್ಟಿಗೇ ಬಂತು.

ರಾತ್ರಿ ನೋಡುವ ಕನ್ನಡಕದ ಬಗ್ಗೆಯೂ ಇದೇ ಮಾತು. ನಮ್ಮ ಎರಡು ಕಣ್ಣುಗಳಿಗೆ ಎಡದಿಂದ ಬಲಕ್ಕೆ 180 ಡಿಗ್ರಿಗಿಂತ ಹೆಚ್ಚು ಕಾಣುತ್ತದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ನೈಟ್ ವಿಷನ್ ಕನ್ನಡಕದಲ್ಲಿ ಕಾಣುವುದು ಸುಮಾರು 40 ಡಿಗ್ರಿ. ಹಳ್ಳಿಯಲ್ಲಿ ಹುಡುಗರು ಪಪ್ಪಾಯಿ ಎಲೆಯ ದಂಟನ್ನು ಕಣ್ಣಿಗಿಟ್ಟುಕೊಂಡು ನೋಡುತ್ತಾರಲ್ಲ, ಅದೇ ಬಗೆ. ಕತ್ತಲು ಕರಗುತ್ತದೆ, ಆದರೆ ಪಕ್ಕದ್ದು ಮಾಯವಾಗುತ್ತದೆ. ಆಳ ಸರಿಯಾಗಿ ತಿಳಿಯುವುದಿಲ್ಲ, ಹಾಗಾಗಿ ಹಳ್ಳವೊಂದು ಸಮನಾದ ನೆಲದ ಹಾಗೆ ಕಾಣಬಹುದು.

ಮುಚ್ಚಿದ ವಾಹನದಲ್ಲಿ ಬರೀ ಪರದೆ ನೋಡುತ್ತ ಕೂತವರಿಗೆ ಇನ್ನೊಂದು ಕಾಟ. ಕಣ್ಣು ಒಂದು ಹೇಳುತ್ತದೆ, ಕಿವಿಯೊಳಗಿನ ಸಮತೋಲನದ ಅಂಗ ಇನ್ನೊಂದು ಹೇಳುತ್ತದೆ. ಆಗುಂಬೆ ಘಾಟಿಯಲ್ಲಿ ಬಸ್ಸಿನೊಳಗೆ ಫೋನ್ ನೋಡುತ್ತ ಕೂತರೆ ಆಗುವುದೇ ಅಲ್ಲೂ ಆಗುತ್ತದೆ. ಹೊಟ್ಟೆ ತೊಳಸುತ್ತಿರುವವನಿಗೆ ನಕ್ಷೆಯ ಮೇಲಿನ ನೀಲಿ ಗುರುತು ಎಷ್ಟು ತಲೆಗೆ ಹೋದೀತು? ಕಣ್ಣು–ಕಿವಿಗಳ ಈ ಜಗಳ ಪೈಲಟ್‌ಗಳಿಗೆ ಇನ್ನೂ ಅಪಾಯಕಾರಿ. ಬೆಂಗಳೂರಿನಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ಪೈಲಟ್‌ಗಳಿಗೆ ಇದರ ಬಗ್ಗೆ ತರಬೇತಿಯೇ ಇದೆ.

ಪರದೆಯಲ್ಲಿ ಸರಿಯಾದ ಮಾಹಿತಿ ಇದ್ದೂ ಅನಾಹುತವಾದದ್ದಕ್ಕೆ ಎಲ್ಲಕ್ಕಿಂತ ದೊಡ್ಡ ಉದಾಹರಣೆ ನೆಲದ ಮೇಲಿನದಲ್ಲ, ಸಮುದ್ರದ್ದು. 1988ರ ಜುಲೈ 3ರಂದು ಪರ್ಷಿಯನ್ ಕೊಲ್ಲಿಯಲ್ಲಿ ಅಮೆರಿಕದ ವಿನ್ಸೆನ್ಸ್ ಯುದ್ಧನೌಕೆ ಇರಾನಿನ ಪ್ರಯಾಣಿಕ ವಿಮಾನವೊಂದನ್ನು ದಾಳಿಗೆ ಬರುತ್ತಿರುವ ಯುದ್ಧವಿಮಾನ ಎಂದು ತಿಳಿದು ಹೊಡೆದುರುಳಿಸಿತು. 290 ಮಂದಿ ಸತ್ತರು. ಅವರಲ್ಲಿ 10 ಮಂದಿ ಭಾರತೀಯರು. ಆ ಹೊತ್ತಿಗೆ ನೌಕೆ ಇರಾನಿನ ಸಣ್ಣ ದೋಣಿಗಳ ಜೊತೆ ಗುಂಡಿನ ಚಕಮಕಿಯಲ್ಲಿತ್ತು. ವಿಮಾನ ಕೆಳಗಿಳಿಯುತ್ತ ನಮ್ಮ ಕಡೆಗೇ ಬರುತ್ತಿದೆ ಎಂದು ಒಳಗಿದ್ದವರು ಕೂಗಿ ಹೇಳಿದರು. ನೌಕೆಯ ಕಂಪ್ಯೂಟರ್ ದಾಖಲಿಸಿದ್ದು ಬೇರೆ: ವಿಮಾನ ಮೇಲಕ್ಕೆ ಏರುತ್ತಿತ್ತು. ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ದೊಡ್ಡ ಪರದೆ ನೇರವಾಗಿ ತೋರಿಸುತ್ತಿರಲಿಲ್ಲ. ಬದಲಾಗುವ ಸಂಖ್ಯೆಗಳನ್ನು ನೋಡಿ, ಹೋಲಿಸಿ ತಿಳಿದುಕೊಳ್ಳಬೇಕಿತ್ತು. ಜೀವಭಯದಲ್ಲಿ ಇದ್ದವರು ಆ ಲೆಕ್ಕದಲ್ಲಿ ತಪ್ಪಿದರು. ಭಯ ಗಮನವನ್ನು ಕಿರಿದು ಮಾಡುತ್ತದೆ. ಆಗ ಇನ್ನೊಂದು ಪರದೆ ಸೇರಿಸಿದರೆ ಸಹಾಯಕ್ಕಿಂತ ಹೊರೆಯೇ ಹೆಚ್ಚಾಗಬಹುದು.

‘ಮೂರು ದಿನ ನಿದ್ದೆ ಇಲ್ಲದೆ’

ನಮಗೆ ಹೆಚ್ಚು ಕಾಳಜಿ ಹುಟ್ಟಿಸುವ ಫಾರ್ವರ್ಡ್ ಇದು. ಸೈನಿಕರು ದಿನಗಟ್ಟಲೆ ನಿದ್ದೆ ಇಲ್ಲದೆ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಾರೆ, ತರಬೇತಿಯಿಂದ ನಿದ್ದೆಯನ್ನು ಗೆದ್ದಿದ್ದಾರೆ ಎಂಬ ಬಗೆಯ ಸಂದೇಶಗಳು. ಸೈನಿಕರ ತ್ಯಾಗದ ಬಗ್ಗೆ ನಮಗೂ ಗೌರವವಿದೆ. ಆದರೆ ನಿದ್ದೆಯನ್ನು ಯಾರೂ ಗೆಲ್ಲಲಾರರು. ಇದು ಸೇನೆಗಳೇ ನಡೆಸಿದ ಸಂಶೋಧನೆಗಳಿಂದ ಗೊತ್ತಾದ ಸಂಗತಿ.

1980ರ ದಶಕದ ಆರಂಭದಲ್ಲಿ ಪ್ರಕಟವಾದ ಅಮೆರಿಕದ ಸೇನೆಯ ಒಂದು ಅಧ್ಯಯನ ನೋಡಿ. ಫಿರಂಗಿ ಎಲ್ಲಿಗೆ ಗುರಿಯಿಡಬೇಕು ಎಂದು ಲೆಕ್ಕ ಹಾಕಿಕೊಡುವ ತಂಡಗಳಿಗೆ ಬಿಡುವಿಲ್ಲದೆ ಅಣಕು ಯುದ್ಧದ ಕೆಲಸ ಕೊಟ್ಟರು. ಸುಮಾರು ಒಂದು ದಿನ ಕಳೆದ ಮೇಲೂ ಅವರ ಲೆಕ್ಕ ಸರಿಯಾಗಿಯೇ ಇತ್ತು. ಕೋನ, ದೂರ ಎಲ್ಲವೂ ಸರಿ. ಆದರೆ ಅವರು ನಕ್ಷೆಯನ್ನು ತಿದ್ದುವುದನ್ನು ಬಿಟ್ಟುಬಿಟ್ಟಿದ್ದರು. ನಮ್ಮವರು ಎಲ್ಲಿದ್ದಾರೆ, ಶತ್ರು ಎಲ್ಲಿದ್ದಾನೆ ಎಂಬುದು ತಲೆಯಲ್ಲಿ ಇರಲಿಲ್ಲ. ಆಸ್ಪತ್ರೆಯಿರುವ ಜಾಗಕ್ಕೆ ಹೊಡೆಯಿರಿ ಎಂದು ಶುರುವಿನಲ್ಲಿ ಆದೇಶ ಬಂದಾಗ ಇದೇ ತಂಡಗಳು ನಕ್ಷೆ ನೋಡಿ, ಅದು ಆಸ್ಪತ್ರೆ ಎಂದು ನಿರಾಕರಿಸಿದ್ದವು. ನಿದ್ದೆಗೆಟ್ಟ ಮೇಲೆ ಅಂಥದೇ ಆದೇಶ ಬಂದಾಗ ನಕ್ಷೆ ನೋಡದೆ ಹೊಡೆದವು. ಅಣಕು ಯುದ್ಧ, ಹಾಗಾಗಿ ಯಾರೂ ಸಾಯಲಿಲ್ಲ.

1991ರಲ್ಲಿ ಇದು ನಿಜವಾಗಿಯೇ ನಡೆಯಿತು. ದಿನಗಳಿಂದ ಸರಿಯಾಗಿ ನಿದ್ದೆಯಿಲ್ಲದ ಬ್ರಾಡ್ಲಿ ವಾಹನಗಳ ಸಿಬ್ಬಂದಿ ತಮ್ಮವರ ಮೇಲೇ ಗುಂಡು ಹಾರಿಸಿದ ಪ್ರಕರಣಗಳನ್ನು ಸೇನೆಯ ನಿದ್ದೆ ತಜ್ಞರು ಅಧ್ಯಯನ ಮಾಡಿದರು. ಅಲ್ಲಿಯೂ ಕಂಡದ್ದು ಅದೇ: ಗುರಿ ನಿಖರ, ಕೈ ನಡುಗಿಲ್ಲ. ಆದರೆ ತಮ್ಮ ವಾಹನ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದೇ ತಪ್ಪಿಹೋಗಿತ್ತು.

ಇದರಲ್ಲಿ ಹೆದರಿಸುವ ಅಂಶ ಇರುವುದು ಇಲ್ಲಿ. ಪಳಗಿದ ಕೈಕೆಲಸ ಕೊನೆಗೆ ಹೋಗುತ್ತದೆ, ಒಟ್ಟಾರೆ ಪರಿಸ್ಥಿತಿಯ ಅರಿವು ಮೊದಲು ಹೋಗುತ್ತದೆ. ಹಾಗಾಗಿ ಮನುಷ್ಯನಿಗೆ ತಾನು ಸರಿಯಾಗಿಯೇ ಇದ್ದೇನೆ ಅನ್ನಿಸುತ್ತದೆ. ಸ್ಟೀರಿಂಗ್ ಹಿಡಿತದಲ್ಲಿದೆ, ಗೇರ್ ಬೀಳುತ್ತಿದೆ, ಇನ್ನೇನು ತೊಂದರೆ? 2003ರಲ್ಲಿ ಪ್ರಕಟವಾದ ಇನ್ನೊಂದು ಪ್ರಸಿದ್ಧ ಪ್ರಯೋಗದಲ್ಲಿ ಎರಡು ವಾರ ದಿನಕ್ಕೆ 6 ಗಂಟೆ ಮಾತ್ರ ಮಲಗಿದವರ ಎಚ್ಚರ, ಎರಡು ರಾತ್ರಿಯವರೆಗೆ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಇಳಿದಿತ್ತು. ಅವರನ್ನು ಕೇಳಿದರೆ, ಸ್ವಲ್ಪ ಮಂಪರು ಅಷ್ಟೇ ಅನ್ನುತ್ತಿದ್ದರು.

ಇದಕ್ಕೆ ಟ್ಯಾಂಕೇ ಬೇಕಿಲ್ಲ. ಆಸ್ಟ್ರೇಲಿಯಾದ ಸಂಶೋಧಕರು 1997ರಲ್ಲಿ ತೋರಿಸಿದ ಪ್ರಕಾರ, 17 ಗಂಟೆ ಸತತ ಎಚ್ಚರವಿದ್ದವರ ಕಾರ್ಯಕ್ಷಮತೆ ರಕ್ತದಲ್ಲಿ 0.05% ಮದ್ಯ ಇರುವವರಷ್ಟು ಕುಸಿದಿರುತ್ತದೆ. 24 ಗಂಟೆಗೆ ಅದು ಸುಮಾರು 0.10% ಮದ್ಯಕ್ಕೆ ಸಮ. ಭಾರತದಲ್ಲಿ ವಾಹನ ಓಡಿಸುವವರಿಗೆ ಇರುವ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ 0.03%. ಬೆಳಗ್ಗೆ 5ಕ್ಕೆ ಎದ್ದು, ಆಫೀಸು ಮುಗಿಸಿ, ಊಟ ಮಾಡಿ, ರಾತ್ರಿ 10ಕ್ಕೆ ಮನೆಮಂದಿಯನ್ನೆಲ್ಲ ಕಾರಿಗೆ ಹತ್ತಿಸಿಕೊಂಡು ಧರ್ಮಸ್ಥಳಕ್ಕೆ ಹೊರಟರೆ ನೀವು ಹೊರಡುವಾಗಲೇ ಆ ಮಿತಿ ದಾಟಿದ ಹಾಗೆ. ಪೊಲೀಸರ ಯಂತ್ರಕ್ಕೆ ಊದಿದರೆ ಏನೂ ಬರುವುದಿಲ್ಲ, ಅಷ್ಟೇ.

ಯುದ್ಧವಿಲ್ಲದ ದಿನಗಳಲ್ಲಿ

ಗುಂಡು, ಫಿರಂಗಿ ಯಾವುದೂ ಇಲ್ಲದಿದ್ದರೂ ಸೇನಾ ವಾಹನದವರು ಸಾಯುತ್ತಾರೆ. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿ 2021ರಲ್ಲಿ ಕೊಟ್ಟ ವರದಿಯಂತೆ, 2010ರಿಂದ 2019ರವರೆಗಿನ ಹಣಕಾಸು ವರ್ಷಗಳಲ್ಲಿ ಅಲ್ಲಿನ ಭೂಸೇನೆ ಮತ್ತು ಮರೀನ್ ಪಡೆಯ ವಾಹನಗಳಿಗೆ ಯುದ್ಧಕ್ಕೆ ಸಂಬಂಧಪಡದ 3,753 ಅಪಘಾತಗಳಾದವು. 123 ಮಂದಿ ಸತ್ತರು. ಸಾವುಗಳಲ್ಲಿ ಹೆಚ್ಚಿನವು ವಾಹನ ಮಗುಚಿದ್ದರಿಂದ ಆದವು. ಕಾರಣಗಳ ಪಟ್ಟಿಯಲ್ಲಿ ಡ್ರೈವರ್‌ನ ಗಮನ ತಪ್ಪುವುದು ಇದೆ. ಆದರೆ ಅದೊಂದೇ ಅಲ್ಲ: ಮೇಲಿನವರು ಸರಿಯಾಗಿ ನೋಡಿಕೊಳ್ಳದಿರುವುದು, ತರಬೇತಿ ಸಾಲದಿರುವುದು ಕೂಡ ಅದರ ಪಕ್ಕದಲ್ಲೇ ಇವೆ. ‘ಕಣ್ಣು ಕಾಣಿಸ್ತಿರಲಿಲ್ವಾ’ ಎಂದು ಬರೆಯುವವರು ಮೊದಲನೆಯದನ್ನು ಮಾತ್ರ ಓದಿದ ಹಾಗಿರುತ್ತದೆ. ಆ ಡ್ರೈವರ್ ಹಿಂದಿನ ರಾತ್ರಿ ಎಷ್ಟು ಹೊತ್ತು ಮಲಗಿದ್ದ, ಆ ದಾರಿಯಲ್ಲಿ ಮೊದಲು ಓಡಿಸಿದ್ದನೇ, ಹಳ್ಳ ಇದೆ ಎಂದು ಮೇಲೆ ನಿಂತಿದ್ದ ಕಮಾಂಡರ್ ಹೇಳಿದನೇ ಎಂದು ಯಾರೂ ಕೇಳುವುದಿಲ್ಲ.

ಟ್ಯಾಂಕಿನಲ್ಲಿ ಒಬ್ಬನಿಗೇ ಪೂರ್ತಿ ಅರಿವು ಇರುವುದು ಸಾಧ್ಯವಿಲ್ಲ. ಡ್ರೈವರ್‌ಗೆ ನೆಲ ಗೊತ್ತು, ಗನ್ನರ್‌ಗೆ ಗುರಿ ಗೊತ್ತು, ಕಮಾಂಡರ್‌ಗೆ ಸುತ್ತಲಿನದು ಗೊತ್ತು. ಮೂವರ ತಿಳಿವಳಿಕೆಯನ್ನು ಹೊಲಿಯುವುದು ಮಾತು. ಅದಕ್ಕೇ ಒಬ್ಬ ಹೇಳಿದ್ದನ್ನು ಇನ್ನೊಬ್ಬ ತಿರುಗಿ ಹೇಳಿ ಖಚಿತಪಡಿಸುವ ರೂಢಿಯನ್ನು ಸೇನೆಗಳು ಕಲಿಸುತ್ತವೆ. ಕೇಳುವವರಿಗೆ ತಮಾಷೆ ಅನ್ನಿಸಬಹುದು, ‘ಎಡಕ್ಕೆ’ ಅಂದರೆ ‘ಎಡಕ್ಕೆ’ ಅನ್ನುವುದು. ಕಿರಿಯನಾದವನು ‘ಸಾರ್, ಅದು ನಮ್ಮವರದೇ ಇರಬಹುದು’ ಎಂದು ಹೇಳಲು ಹೆದರದಿರುವುದು ಇನ್ನೂ ಮುಖ್ಯ, ಇನ್ನೂ ಕಷ್ಟ. ಹಿರಿಯರ ಮಾತಿಗೆ ಎದುರಾಡಬಾರದು ಎಂದು ಬೆಳೆದ ನಮ್ಮಂಥ ಸಮಾಜದಲ್ಲಿ ಅದು ಎಷ್ಟು ಕಷ್ಟ ಎಂದು ಬಿಡಿಸಿ ಹೇಳಬೇಕಿಲ್ಲ.

ಅರಿವನ್ನು ಅಳೆಯುವುದು ಹೇಗೆ ಅನ್ನುವುದಕ್ಕೂ ಎಂಡ್ಸ್‌ಲಿ ಒಂದು ಸರಳ ದಾರಿ ಕಂಡುಹಿಡಿದರು. ಕಂಪ್ಯೂಟರ್ ಸಿಮ್ಯುಲೇಟರಿನಲ್ಲಿ ಅಭ್ಯಾಸ ನಡೆಯುತ್ತಿರುವಾಗ ಮುನ್ಸೂಚನೆ ಇಲ್ಲದೆ ಎಲ್ಲ ನಿಲ್ಲಿಸಿ ಪರದೆಗಳನ್ನು ಆರಿಸಿಬಿಡುವುದು. ಆಮೇಲೆ ಕೇಳುವುದು: ನಿಮ್ಮ ಬಲಕ್ಕೆ ಯಾರಿದ್ದರು? ಅತ್ಯಂತ ಹತ್ತಿರದ ಶತ್ರು ಎಲ್ಲಿ? ಇನ್ನೊಂದು ನಿಮಿಷದಲ್ಲಿ ಅವನು ಎಲ್ಲಿರುತ್ತಾನೆ? ‘ನನಗೆಲ್ಲ ಗೊತ್ತಿತ್ತು’ ಎಂಬ ಅನಿಸಿಕೆಗೂ ನಿಜವಾಗಿ ಗೊತ್ತಿದ್ದದ್ದಕ್ಕೂ ಇರುವ ಅಂತರ ಆಗ ಹೊರಗೆ ಬರುತ್ತದೆ.

ಇದನ್ನು ನೀವೂ ಮಾಡಿ ನೋಡಬಹುದು. ಮುಂದಿನ ಸಲ ಕಾರಿನಲ್ಲಿ ಹೋಗುವಾಗ ಪಕ್ಕದಲ್ಲಿ ಕೂತವರಿಗೆ ಹೇಳಿ, ಟೋಲ್‌ನಲ್ಲೋ ಪೆಟ್ರೋಲ್ ಬಂಕ್‌ನಲ್ಲೋ ಗಾಡಿ ನಿಂತ ಕೂಡಲೇ ಮೂರು ಪ್ರಶ್ನೆ ಕೇಳಲಿ. ನಮ್ಮ ಹಿಂದೆ ಇದ್ದದ್ದು ಯಾವ ಗಾಡಿ? ಕೊನೆಗೆ ಕಂಡ ಸ್ಪೀಡ್ ಮಿತಿಯ ಬೋರ್ಡಿನಲ್ಲಿ ಎಷ್ಟಿತ್ತು? ಎಡಗಡೆಯಿಂದ ನಮ್ಮನ್ನು ದಾಟಿದ ಬೈಕಿನಲ್ಲಿ ಎಷ್ಟು ಜನ ಇದ್ದರು? ನಮ್ಮ ತಂಡದಲ್ಲಿ ಒಬ್ಬರು ಇಪ್ಪತ್ತು ವರ್ಷದಿಂದ ಕಾರು ಓಡಿಸುತ್ತಾರೆ. ತುಮಕೂರು ರಸ್ತೆಯ ಟೋಲ್‌ನಲ್ಲಿ ಅವರನ್ನು ಕೇಳಿದೆವು. ಮೂರರಲ್ಲಿ ಒಂದಕ್ಕೂ ಉತ್ತರ ಬರಲಿಲ್ಲ. ‘ಬೈಕಾ? ಯಾವ ಬೈಕು?’ ಅಂದರು.